ಯಾವುದು ದೊಡ್ಡದು? ಮಕ್ಕಳ ಉತ್ತರ ತಪ್ಪಿದಾಗ ದೋಷ ಹುಡುಕುವ ಕೈಪಿಡಿ

1/4 ದೊಡ್ಡದೋ, 1/8 ದೊಡ್ಡದೋ ಎಂದು ಕೇಳಿದರೆ 1/8 ಎನ್ನುವ ಮಕ್ಕಳು ಹೆಚ್ಚುಕಡಿಮೆ ಎಲ್ಲ ತರಗತಿಗಳಲ್ಲೂ ಸಿಗುತ್ತಾರೆ. -7 ಮತ್ತು -2ರಲ್ಲಿ -7 ದೊಡ್ಡದು ಎನ್ನುವವರೂ ಇರುತ್ತಾರೆ. ಆಗ ನಾವು ಮಾಡುವುದೇನು? ಕೆಂಪು ಗೆರೆ ಎಳೆಯುತ್ತೇವೆ, ಪಕ್ಕದಲ್ಲಿ ಸರಿ ಉತ್ತರ ಬರೆಯುತ್ತೇವೆ, ‘ಇಂಥವೇ ಇನ್ನೂ ಹತ್ತು ಮಾಡು’ ಎನ್ನುತ್ತೇವೆ. ಮಗು ಹತ್ತರಲ್ಲಿ ಐದು ಸರಿ ಮಾಡಿದರೆ ‘ಪರವಾಗಿಲ್ಲ, ಸುಧಾರಿಸುತ್ತಿದೆ’ ಎಂದು ಮುಂದಿನ ಪಾಠಕ್ಕೆ ಹೋಗುತ್ತೇವೆ.

ಆ ಐದು ಯಾವ ಐದು ಎಂದು ನೋಡುವುದೇ ಇಲ್ಲ. ಅಲ್ಲೇ ಎಲ್ಲ ಸುಳಿವೂ ಇರುತ್ತದೆ.

ಹೋಲಿಕೆಯ ಲೆಕ್ಕದಲ್ಲಿ ಮಕ್ಕಳು ಸುಮ್ನೆ ಊಹಿಸುವುದು ಕಡಿಮೆ. ಅವರ ತಲೆಯಲ್ಲಿ ಒಂದು ನಿಯಮ ಇರುತ್ತದೆ. ಹಿಂದಿನ ತರಗತಿಯಲ್ಲಿ ಆ ನಿಯಮ ಚೆನ್ನಾಗಿಯೇ ಕೆಲಸ ಮಾಡಿತ್ತು. ಈಗ ಸಂಖ್ಯೆಯ ಜಾತಿ ಬದಲಾಗಿದೆ, ನಿಯಮ ಮಾತ್ರ ಹಳೆಯದೇ ಉಳಿದಿದೆ. ಯಾವ ನಿಯಮ ಎಂದು ಗೊತ್ತಾಗುವ ಮೊದಲೇ ಹೊಸ ಸೂತ್ರ ಕಲಿಸಿದರೆ ಎರಡೂ ಜೊತೆಯಲ್ಲೇ ಇರುತ್ತವೆ. ಪರೀಕ್ಷೆಯ ದಿನ ಹಳೆಯದೇ ಗೆಲ್ಲುತ್ತದೆ. ಹಾಗಾಗಿ ಮೊದಲು ದೋಷ ಹುಡುಕಿ, ಆಮೇಲೆ ಪಾಠ ಹೇಳಿ. ಮನೆಯಲ್ಲಿ ಓದಿಸುವ ಅಪ್ಪ ಅಮ್ಮಂದಿರಿಗೂ, 4ರಿಂದ 8ನೇ ತರಗತಿಗೆ ಗಣಿತ ಹೇಳುವವರಿಗೂ ಇದು ಉಪಯೋಗಕ್ಕೆ ಬರಬೇಕು ಎಂಬುದು ನನ್ನ ಆಸೆ.

ತೊಂದರೆ ನಿಜವಾಗಿ ಹೋಲಿಕೆಯದ್ದೇನಾ?

ಮೊದಲು ಚಿಹ್ನೆಯನ್ನು ಪಕ್ಕಕ್ಕಿಡಿ. < ಮತ್ತು > ಯಾವುದು ಯಾವ ಕಡೆಗೆ ಎನ್ನುವುದರಲ್ಲೇ ಎಷ್ಟೋ ಮಕ್ಕಳು ಎಡವುತ್ತಾರೆ. 45 ದೊಡ್ಡದು ಎಂದು ಅವರಿಗೆ ಚೆನ್ನಾಗಿ ಗೊತ್ತು, ಆದರೂ 45 < 38 ಎಂದು ಬರೆಯುತ್ತಾರೆ. ಬಾಯಲ್ಲಿ ಕೇಳಿ. ಅಥವಾ ದೊಡ್ಡದರ ಸುತ್ತ ಒಂದು ಸೊನ್ನೆ ಸುತ್ತಲು ಹೇಳಿ. ಬಾಯಲ್ಲಿ ಸರಿ, ಬರಹದಲ್ಲಿ ತಪ್ಪು ಎಂದಾದರೆ ತೊಂದರೆ ಚಿಹ್ನೆಯದ್ದು. ತೆರೆದ ಬಾಯಿ ದೊಡ್ಡ ಸಂಖ್ಯೆಯ ಕಡೆಗೆ ಎಂದು ಸ್ವಲ್ಪ ಅಭ್ಯಾಸ ಮಾಡಿಸಿದರೆ ಮುಗಿಯಿತು.

ಆಮೇಲೆ ಮಗುವಿಗೆ ಆ ಸಂಖ್ಯೆ ಓದಲು, ಬರೆಯಲು ಬರುತ್ತದೆಯೇ ನೋಡಿ. ‘ನೂರ ಎಂಟು’ ಎಂದರೆ 1008 ಎಂದು ಬರೆಯುವ ಮಗು, ‘ನೂರ ಎಂಟು ದೊಡ್ಡದೋ ಇನ್ನೂರು ದೊಡ್ಡದೋ’ ಎಂಬ ಬರಹದ ಲೆಕ್ಕದಲ್ಲಿ ತಪ್ಪುತ್ತದೆ. ಕೇಳಿದ ಹಾಗೇ ಬರೆದಿದೆ: ನೂರು, ಅದರ ಪಕ್ಕ ಎಂಟು. ಇದು ಸ್ಥಾನಬೆಲೆಯ ತೊಂದರೆ, ಅಳತೆ ಗೊತ್ತಿಲ್ಲ ಎಂದಲ್ಲ. ಬಿಡಿ, ಹತ್ತು, ನೂರು ಎಂದು ಮನೆ ಹಾಕಿ ಬರೆಸಿ, ಖಾಲಿ ಮನೆಗೆ ಸೊನ್ನೆ ತುಂಬಿಸಿ.

ಇನ್ನೊಂದು ಅಭ್ಯಾಸವನ್ನು ಈಗಲೇ ಹಿಡಿದುಕೊಳ್ಳಿ. ಉತ್ತರ ಸರಿಯಿರಲಿ, ತಪ್ಪಿರಲಿ, ‘ಹೇಗೆ ಗೊತ್ತಾಯ್ತು ಪುಟ್ಟಾ?’ ಎಂದು ಕೇಳಿ. ತಪ್ಪಾದಾಗ ಮಾತ್ರ ಕೇಳಿದರೆ ಮಗು ಪ್ರಶ್ನೆ ಕೇಳಿದ ಕೂಡಲೇ ಉತ್ತರ ಬದಲಾಯಿಸುತ್ತದೆ. ಆಗ ನಿಮಗೆ ಸಿಗುವುದು ಮಗುವಿನ ಯೋಚನೆಯಲ್ಲ, ನಿಮ್ಮ ಮುಖ ನೋಡಿ ಕೊಟ್ಟ ಉತ್ತರ.

ಪೂರ್ಣಸಂಖ್ಯೆ: ಇಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕಿಲ್ಲ

987 ಮತ್ತು 1023. 5080 ಮತ್ತು 5008. 98,999 ಮತ್ತು 1,00,001. ಈ ಮೂರು ಜೋಡಿ ಸಾಕು.

ಮೊದಲ ಮತ್ತು ಮೂರನೆಯ ಜೋಡಿಯಲ್ಲಿ ತಪ್ಪಿದರೆ ಮಗು ಎಷ್ಟು ಅಂಕಿಗಳಿವೆ ಎಂದು ನೋಡದೆ, 9 ಎಂಬ ದೊಡ್ಡ ಅಂಕಿಗೆ ಮರುಳಾಗಿದೆ. ಎರಡನೆಯದರಲ್ಲಿ ತಪ್ಪಿದರೆ ನಡುವಿನ ಸೊನ್ನೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಎರಡಕ್ಕೂ ಮದ್ದು ಒಂದೇ: ಸಂಖ್ಯೆಗಳನ್ನು ಒಂದರ ಕೆಳಗೊಂದು, ಬಿಡಿಯ ಕೆಳಗೆ ಬಿಡಿ ಬರುವಂತೆ ಬರೆದು, ಎಡಗಡೆಯಿಂದ ನೋಡುತ್ತಾ ಬರುವುದು.

ಇಲ್ಲಿ ಗಮನಿಸಬೇಕಾದ್ದು ಬೇರೆ. ‘ಅಂಕಿ ಜಾಸ್ತಿ ಇದ್ದರೆ ಸಂಖ್ಯೆ ದೊಡ್ಡದು’, ‘ಅಂಕಿಗಳ ಎಣಿಕೆ ಸಮವಿದ್ದಾಗ ಎಡಗಡೆಯ ಅಂಕಿ ದೊಡ್ಡದಿದ್ದರೆ ಸಂಖ್ಯೆ ದೊಡ್ಡದು’, ‘ಸೊನ್ನೆಗಿಂತ ಚಿಕ್ಕದು ಇಲ್ಲ’. ಈ ಮೂರನ್ನೂ ಮಗು ಇಲ್ಲೇ ಕಲಿಯುತ್ತದೆ, ಪೂರ್ಣಸಂಖ್ಯೆಯ ಮಟ್ಟಿಗೆ ಇವು ನಡೆಯುತ್ತವೆ ಕೂಡ. ಮುಂದೆ ಬರುವ ದೋಷಗಳಲ್ಲಿ ಹೆಚ್ಚಿನವು ಈ ಮೂರರಿಂದಲೇ ಹುಟ್ಟುತ್ತವೆ.

ಋಣ ಸಂಖ್ಯೆ ಬಂದಾಗ

ಈ ನಾಲ್ಕು ಜೋಡಿ ಕೊಡಿ: (-7, 2), (-7, -2), (0, -4), (-1, -100).

ಎರಡನೆಯದು ಮತ್ತು ನಾಲ್ಕನೆಯದು ಮಾತ್ರ ತಪ್ಪಿದ್ದರೆ, ಮಗುವಿಗೆ ಋಣ ಮತ್ತು ಧನದ ನಡುವಿನ ವ್ಯತ್ಯಾಸ ಗೊತ್ತು. ಎರಡೂ ಋಣವಾದಾಗ ಮಾತ್ರ ಅಂಕಿ ನೋಡಿ ತೀರ್ಮಾನಿಸುತ್ತದೆ. ಇದು ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷ. ಮೂರನೆಯದು ತಪ್ಪಿದ್ದರೆ ಸೊನ್ನೆ ಎಂದರೆ ‘ಏನೂ ಇಲ್ಲ’, ಹಾಗಾಗಿ ಅದೇ ಎಲ್ಲಕ್ಕಿಂತ ಚಿಕ್ಕದು ಎಂಬ ಹಳೆಯ ನಂಬಿಕೆ ಉಳಿದಿದೆ. ಮೊದಲನೆಯದೇ ತಪ್ಪಿದ್ದರೆ ಎರಡು ಸಾಧ್ಯತೆ. ಒಂದು, ಮಗುವಿನ ಕಣ್ಣಿಗೆ ಋಣ ಚಿಹ್ನೆ ಕಾಣುತ್ತಲೇ ಇಲ್ಲ. ಇನ್ನೊಂದು, ‘ಋಣದಲ್ಲಿ ಎಲ್ಲ ಉಲ್ಟಾ’ ಎಂದು ಯಾರೋ ಹೇಳಿಕೊಟ್ಟಿದ್ದಾರೆ, ಅದನ್ನು ಎಲ್ಲ ಕಡೆ ಹಚ್ಚಿ, ಧನಕ್ಕಿಂತ ಋಣವೇ ದೊಡ್ಡದು ಎನ್ನುತ್ತಿದೆ. ಇವೆರಡನ್ನು ಬೇರೆ ಮಾಡುವುದು ಸುಲಭ. ಚಿಹ್ನೆ ಕಾಣದ ಮಗು (-7, -2)ರಲ್ಲೂ ತಪ್ಪುತ್ತದೆ. ‘ಉಲ್ಟಾ’ ಮಗುವಿಗೆ ಅದು ಸರಿಯಾಗಿ ಬರುತ್ತದೆ.

ಸರಿಪಡಿಸಲು ಹೊರಟವರು ಸಾಮಾನ್ಯವಾಗಿ ಸಾಲದ ಉದಾಹರಣೆ ಹಿಡಿಯುತ್ತಾರೆ. ಅದು ಬಹಳ ಹಳೆಯ ದಾರಿ. ಗಣಿತಜ್ಞ ಬ್ರಹ್ಮಗುಪ್ತನು 628ರಲ್ಲಿ ಬರೆದ ಬ್ರಾಹ್ಮಸ್ಫುಟಸಿದ್ಧಾಂತದಲ್ಲೇ ಧನ, ಋಣ (ಅಂದರೆ ಸಾಲ), ಶೂನ್ಯ ಮೂರನ್ನೂ ಕೂಡುವ, ಕಳೆಯುವ ನಿಯಮಗಳಿವೆ. ಕೂಡು-ಕಳೆ ಲೆಕ್ಕಕ್ಕೆ ಸಾಲದ ದಾರಿ ಚೆನ್ನಾಗಿದೆ. ಹೋಲಿಕೆಗೆ ಬಂದಾಗ ಜಾಗ್ರತೆ ಬೇಕು. ‘700 ರೂಪಾಯಿ ಸಾಲ, 200 ರೂಪಾಯಿ ಸಾಲ, ಯಾವುದು ದೊಡ್ಡದು?’ ಎಂದು ಕೇಳಿದರೆ 700 ಎನ್ನುವ ಮಗು ಸರಿಯಾಗಿಯೇ ಹೇಳುತ್ತಿದೆ, ಅಲ್ವಾ? ದೊಡ್ಡ ಸಾಲ ಅದೇ. ಪ್ರಶ್ನೆಯೇ ಅಡ್ಡದಾರಿ ತೋರಿಸಿತು. ಚಳಿಯಲ್ಲೂ ಹಾಗೇ. ‘-5 ಡಿಗ್ರಿ, -15 ಡಿಗ್ರಿ, ಎಲ್ಲಿ ಚಳಿ ಜಾಸ್ತಿ?’ ಎಂದರೆ -15 ಎಂಬ ಉತ್ತರ ಬರುತ್ತದೆ, ಮಗುವಿನ ಮನಸ್ಸಿನಲ್ಲಿ -15 ಜಾಸ್ತಿ ಎಂದು ಉಳಿದುಬಿಡುತ್ತದೆ.

ನನ್ನ ಅನುಭವದಲ್ಲಿ ಎತ್ತರವೇ ಎಲ್ಲಕ್ಕಿಂತ ಒಳ್ಳೆಯದು. ಸಂಖ್ಯಾರೇಖೆಯನ್ನು ಅಡ್ಡ ಎಳೆಯುವ ಬದಲು ನಿಲ್ಲಿಸಿ ಎಳೆಯಿರಿ. ದೊಡ್ಡ ಕಟ್ಟಡಗಳ ಲಿಫ್ಟಿನಲ್ಲಿ ನೆಲಮಾಳಿಗೆಗೆ -1, -2 ಎಂಬ ಗುಂಡಿ ಇರುವುದನ್ನು ಪಟ್ಟಣದ ಮಕ್ಕಳು ನೋಡಿರುತ್ತಾರೆ. -2ರಿಂದ -1ಕ್ಕೆ ಹೋಗಲು ಲಿಫ್ಟು ಮೇಲೆ ಹೋಗಬೇಕು, ಹಾಗಾಗಿ -1 ದೊಡ್ಡದು. ಲಿಫ್ಟು ನೋಡದ ಮಕ್ಕಳಿಗೆ ಸಮುದ್ರ ಮಟ್ಟ ಹೇಳಿ. ಮುಳ್ಳಯ್ಯನಗಿರಿ ಸಮುದ್ರ ಮಟ್ಟಕ್ಕಿಂತ 1,900 ಮೀಟರಿಗೂ ಮೇಲಿದೆ. ಕೇರಳದ ಕುಟ್ಟನಾಡಿನ ಗದ್ದೆಗಳು ಸಮುದ್ರ ಮಟ್ಟಕ್ಕಿಂತ ಒಂದೆರಡು ಮೀಟರ್ ಕೆಳಗಿವೆ. ಮೃತ ಸಮುದ್ರದ ದಡ 400 ಮೀಟರಿಗೂ ಹೆಚ್ಚು ಕೆಳಗಿದೆ. ಈ ಮೂರನ್ನೂ ಗೋಡೆಯ ಮೇಲೆ ಎಳೆದ ಒಂದೇ ಗೆರೆಯಲ್ಲಿ ಗುರುತಿಸಲು ಹೇಳಿ. ಎಲ್ಲ ಜೋಡಿಗೂ ಒಂದೇ ಪ್ರಶ್ನೆ ಕೇಳಿ: ಯಾವುದು ಮೇಲಿದೆ? ‘ಉಲ್ಟಾ’ ಎಂಬ ಮಾತೇ ಬೇಡ. ಮೇಲಿದ್ದದ್ದು ದೊಡ್ಡದು. ಧನಕ್ಕೂ ಋಣಕ್ಕೂ ಇದೊಂದೇ ನಿಯಮ ಸಾಕು.

ಭಿನ್ನರಾಶಿ: ನಾಲ್ಕು ಜೋಡಿ, ಮೂರು ದೋಷ

ನಿಜವಾದ ಕೆಲಸ ಶುರುವಾಗುವುದು ಇಲ್ಲಿ. ಈ ನಾಲ್ಕು ಜೋಡಿಗಳನ್ನು ಇದೇ ಕ್ರಮದಲ್ಲಿ ಕೊಡಿ. ಲೆಕ್ಕ ಮಾಡಲು ಕಾಗದ ಕೊಡಬೇಡಿ, ನೋಡಿ ಹೇಳಲಿ.

ಒಂದು: 1/8, 1/4
ಎರಡು: 3/4, 5/9
ಮೂರು: 5/6, 7/8
ನಾಲ್ಕು: 2/3, 7/9

ಸರಿ ಉತ್ತರ ಕ್ರಮವಾಗಿ 1/4, 3/4, 7/8, 7/9.

ಮೊದಲೆರಡು ತಪ್ಪು, ಕೊನೆಯೆರಡು ಸರಿ ಎಂದಾದರೆ ಮಗು ಭಿನ್ನರಾಶಿಯನ್ನು ಒಂದು ಸಂಖ್ಯೆ ಎಂದೇ ನೋಡುತ್ತಿಲ್ಲ. ಮೇಲೊಂದು, ಕೆಳಗೊಂದು, ಎರಡು ಪೂರ್ಣಸಂಖ್ಯೆ ಎಂದು ನೋಡುತ್ತಿದೆ. ಯಾವುದರಲ್ಲಿ ದೊಡ್ಡ ಅಂಕಿಗಳಿವೆಯೋ ಅದು ದೊಡ್ಡದು. 5/9ರಲ್ಲಿ 5 ಮತ್ತು 9 ಇವೆ, 3/4ರಲ್ಲಿ 3 ಮತ್ತು 4 ಇವೆ, ಹಾಗಾಗಿ 5/9. ಈ ಮಗುವಿಗೆ 7/8 ಮತ್ತು 7/9 ಸರಿಯಾಗಿ ಬಂದದ್ದು ಬರೀ ಅದೃಷ್ಟ.

ಮೊದಲೆರಡು ಸರಿ, ಕೊನೆಯೆರಡು ತಪ್ಪು ಎಂದಾದರೆ ಕಥೆ ಬೇರೆ. ಅಲ್ಲಿ ಎರಡು ದೋಷಗಳಲ್ಲಿ ಒಂದು ಇರಬಹುದು. ಮೂರನೆಯ ಜೋಡಿ ಅವೆರಡನ್ನು ಬೇರೆ ಮಾಡುತ್ತದೆ. ಮಗು 5/6 ದೊಡ್ಡದು ಎಂದರೆ, ‘ಕೆಳಗಿನ ಸಂಖ್ಯೆ ಚಿಕ್ಕದಿದ್ದರೆ ಭಿನ್ನರಾಶಿ ದೊಡ್ಡದು’ ಎಂಬ ನಿಯಮ ಹಿಡಿದಿದೆ. ಇದನ್ನು ನಾವೇ ಕಲಿಸಿದ್ದು. 1/8ರ ತಪ್ಪು ತಿದ್ದುವಾಗ ‘ಕೆಳಗಿನದು ದೊಡ್ಡದಾದಷ್ಟೂ ಚೂರು ಚಿಕ್ಕದು’ ಎಂದೆವು. ಚೂರು ಚಿಕ್ಕದು, ನಿಜ. ಅಂಥ ಚೂರು ಎಷ್ಟಿವೆ ಎನ್ನುವುದನ್ನು ಮಗು ಬಿಟ್ಟುಬಿಟ್ಟಿತು.

‘ಎರಡೂ ಒಂದೇ’ ಎಂದರೆ ಅದು ಮೂರನೆಯ ದೋಷ. ಇದು ಚುರುಕಾದ ಮಕ್ಕಳಲ್ಲೇ ಜಾಸ್ತಿ. ‘ಐದಕ್ಕೂ ಆರಕ್ಕೂ ಒಂದು ಕಡಿಮೆ, ಏಳಕ್ಕೂ ಎಂಟಕ್ಕೂ ಒಂದು ಕಡಿಮೆ, ಅದಕ್ಕೇ ಸಮ’ ಎಂದು ತುಂಬ ಧೈರ್ಯದಿಂದ ವಿವರಿಸುತ್ತಾರೆ. ಇವರು 2/3 ಮತ್ತು 7/9ರಲ್ಲಿ 2/3 ಆರಿಸುತ್ತಾರೆ, ಯಾಕೆಂದರೆ ಅಲ್ಲಿ ಒಂದೇ ಕಡಿಮೆ, ಇಲ್ಲಿ ಎರಡು ಕಡಿಮೆ. ಒಂದರಿಂದ ಎಷ್ಟು ದೂರ ಎಂದು ನೋಡುವ ಯೋಚನೆ ಒಳ್ಳೆಯದೇ. ಆದರೆ ಆರನೇ ಒಂದು ಚೂರು ಮತ್ತು ಎಂಟನೇ ಒಂದು ಚೂರು ಒಂದೇ ಅಳತೆಯವಲ್ಲ ಎಂಬುದು ತಪ್ಪಿಹೋಗಿದೆ.

ಈಗ ಅಂಕ ನೋಡಿ. ಮೂರು ಬಗೆಯ ಮಕ್ಕಳಿಗೂ ನಾಲ್ಕಕ್ಕೆ ಎರಡು ಅಂಕ. ಕಾರ್ಡಿನಲ್ಲಿ ಮೂವರೂ ಒಂದೇ ಮಟ್ಟ. ಆದರೆ ಒಬ್ಬರಿಗೆ ಕೊಡುವ ಮದ್ದು ಇನ್ನೊಬ್ಬರ ದೋಷವನ್ನು ಗಟ್ಟಿ ಮಾಡುತ್ತದೆ. ‘ಕೆಳಗಿನ ಸಂಖ್ಯೆ ನೋಡು’ ಎಂದು ಮೊದಲ ಮಗುವಿಗೆ ಹೇಳಬೇಕು. ಎರಡನೆಯ ಮಗುವಿಗೆ ಹಾಗೆ ಹೇಳಲೇಬಾರದು. ಇಡೀ ತರಗತಿಗೆ ಒಂದೇ ಸಲ ತಿದ್ದುಪಡಿ ಹೇಳುವುದರಲ್ಲಿ ನನಗೆ ಇರುವ ತಕರಾರು ಇದೇ.

ಇನ್ನು ಎರಡು ಜೋಡಿ ಸೇರಿಸಬಹುದು. 2/4 ಮತ್ತು 1/2 ಕೊಟ್ಟಾಗ 2/4 ದೊಡ್ಡದು ಎಂದರೆ ಸಮಾನ ಭಿನ್ನರಾಶಿ ಇನ್ನೂ ಮನಸ್ಸಿಗೆ ಹೋಗಿಲ್ಲ. 7/5 ಮತ್ತು 1 ಕೊಟ್ಟಾಗ 1 ದೊಡ್ಡದು ಎಂದರೆ, ಭಿನ್ನರಾಶಿ ಎಂದರೆ ಯಾವಾಗಲೂ ‘ಒಂದರ ಒಳಗಿನ ಚೂರು’ ಎಂದು ನಂಬಿದೆ.

24 ಸೆಂಟಿಮೀಟರ್ ಕಾಗದದ ಪಟ್ಟಿ

ಭಿನ್ನರಾಶಿಗೆ ಎಲ್ಲರೂ ರೊಟ್ಟಿ, ದೋಸೆ ಬರೆಯುತ್ತಾರೆ. ಅರ್ಧ, ಕಾಲು ಎಂದರೇನು ಎಂದು ತೋರಿಸಲು ಅದು ಸರಿ. ಅಳೆದು ಹೋಲಿಸಲು ವೃತ್ತ ಕೆಲಸಕ್ಕೆ ಬಾರದು. ಕೈಯಲ್ಲಿ ಬರೆದ ವೃತ್ತವನ್ನು ಏಳು ಸಮ ಭಾಗ ಮಾಡುವುದು ದೊಡ್ಡವರಿಗೂ ಕಷ್ಟ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಮಗು 3/4ಕ್ಕೆ ಒಂದು ದೊಡ್ಡ ವೃತ್ತ, 5/6ಕ್ಕೆ ಪಕ್ಕದಲ್ಲಿ ಒಂದು ಸಣ್ಣ ವೃತ್ತ ಬರೆಯುತ್ತದೆ. ಆಮೇಲೆ ಬಣ್ಣ ತುಂಬಿದ ಜಾಗ ನೋಡಿ ಉತ್ತರ ಹೇಳುತ್ತದೆ. ಇಡಿಯೇ ಬೇರೆ ಬೇರೆಯಾದರೆ ಚೂರು ಹೋಲಿಸಿ ಏನು ಪ್ರಯೋಜನ? ಮಗುವಿನ ಪುಸ್ತಕದಲ್ಲಿ ಚಿತ್ರವಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ.

ಪಟ್ಟಿ ಒಳ್ಳೆಯದು. ಹಳೆಯ ಪೇಪರಿನಿಂದ 24 ಸೆಂ.ಮೀ. ಉದ್ದದ ಆರು ಪಟ್ಟಿ ಕತ್ತರಿಸಿ. ಒಂದನ್ನು ಮಡಚದೆ ಇಡಿ, ಅದು 1. ಉಳಿದವುಗಳನ್ನು ಎರಡು, ಮೂರು, ನಾಲ್ಕು, ಆರು, ಎಂಟು ಭಾಗ ಮಾಡಿ. 24 ಸೆಂ.ಮೀ. ಆದ್ದರಿಂದ ಸ್ಕೇಲಿನಲ್ಲಿ ಅಳೆದರೆ ಎಲ್ಲವೂ ಪೂರ್ತಿ ಸೆಂಟಿಮೀಟರಿನಲ್ಲೇ ಬರುತ್ತವೆ. ಆರನೇ ಒಂದು ಭಾಗ 4 ಸೆಂ.ಮೀ., ಎಂಟನೇ ಒಂದು ಭಾಗ 3 ಸೆಂ.ಮೀ.

ಮೊದಲ ದೋಷದ ಮಗುವಿನ ಕೈಗೆ 1/4 ಮತ್ತು 1/8 ಕೊಡಿ. ಒಂದು 6 ಸೆಂ.ಮೀ., ಇನ್ನೊಂದು 3 ಸೆಂ.ಮೀ. ಮಾತು ಬೇಕಾಗಿಲ್ಲ. ಎರಡನೆಯ ದೋಷದ ಮಗುವಿಗೆ 1/4 ಮತ್ತು 5/8 ಕೊಡಿ. ಚಿಕ್ಕ ಚೂರುಗಳೇ ಐದು ಸೇರಿದರೆ 15 ಸೆಂ.ಮೀ. ಆಗುವುದನ್ನು ತಾನೇ ಜೋಡಿಸಿ ನೋಡಲಿ. ಮೂರನೆಯ ದೋಷದ ಮಗುವಿಗೆ 5/6 ಮತ್ತು 7/8 ಕೊಟ್ಟು, ಮಡಚದ ಪಟ್ಟಿಯ ಪಕ್ಕದಲ್ಲಿಡಲು ಹೇಳಿ. ಎರಡರಲ್ಲೂ ಒಂದು ಚೂರು ಕಡಿಮೆ ಇದೆ. ಆದರೆ ಒಂದರ ಖಾಲಿ ಜಾಗ 4 ಸೆಂ.ಮೀ., ಇನ್ನೊಂದರದು 3 ಸೆಂ.ಮೀ. ಖಾಲಿ ಕಡಿಮೆ ಇದ್ದದ್ದು ಒಂದಕ್ಕೆ ಹತ್ತಿರ, ಹಾಗಾಗಿ ದೊಡ್ಡದು. ಈ ಮಗುವಿನ ಯೋಚನೆಯನ್ನು ಕಿತ್ತುಹಾಕಬೇಕಾಗಿಲ್ಲ, ಪೂರ್ತಿ ಮಾಡಿದರೆ ಸಾಕು.

ಸ್ವಲ್ಪ ದಿನ ಇದರೊಂದಿಗೆ ಆಡಿದ ಮೇಲೆ ಕೇಳಿ: ‘24 ಸೆಂ.ಮೀ. ಯಾಕೆ ತಗೊಂಡೆವು? 20 ತಗೊಂಡಿದ್ದರೆ?’ 20ನ್ನು ಆರು ಭಾಗ ಮಾಡಿದರೆ ಸರಿಯಾಗಿ ಬರುವುದಿಲ್ಲ, ಎಂಟು ಭಾಗವೂ ಪೂರ್ತಿ ಸೆಂಟಿಮೀಟರಿಗೆ ನಿಲ್ಲುವುದಿಲ್ಲ. ಒಂಬತ್ತನೇ ಭಾಗ ಬೇಕಾದರೆ? ಆಗ 36 ಸೆಂ.ಮೀ. ಪಟ್ಟಿ ತಗೊಳ್ಳಬಹುದು. ಅದರಲ್ಲಿ 2/3 ಎಂದರೆ 24 ಸೆಂ.ಮೀ., 7/9 ಎಂದರೆ 28 ಸೆಂ.ಮೀ. ಮಗುವಿಗೆ ಗೊತ್ತಾಗದಂತೆಯೇ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಕೆಳಗಿನ ಎಲ್ಲ ಸಂಖ್ಯೆಗಳಿಂದಲೂ ಸರಿಯಾಗಿ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಮನೆಯೊಳಗೆ ಬಂದಿದೆ. 5/6 ಎಂದರೆ 20/24, 7/8 ಎಂದರೆ 21/24. ಛೇದ ಸಮ ಮಾಡುವುದು ಎಂದರೆ ಎರಡನ್ನೂ ಒಂದೇ ಸ್ಕೇಲಿನಲ್ಲಿ ಅಳೆಯುವುದು, ಅಷ್ಟೇ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯನು ಬರೆದ ಗಣಿತಸಾರಸಂಗ್ರಹದಲ್ಲಿ ಭಿನ್ನರಾಶಿಗೇ ಒಂದು ದೊಡ್ಡ ಅಧ್ಯಾಯವಿದೆ. ಛೇದಗಳನ್ನು ಸಮ ಮಾಡಲು ಲ.ಸಾ.ಅ. ಬಳಸುವುದನ್ನೂ ಅಲ್ಲಿ ಹೇಳಿದೆ. ನಮ್ಮ ನೆಲದಲ್ಲೇ ಸಾವಿರ ವರ್ಷಕ್ಕೂ ಹಿಂದೆ ಬರೆದಿಟ್ಟದ್ದು ಎಂದರೆ ಮಕ್ಕಳ ಕಣ್ಣು ಅರಳುತ್ತವೆ, ಹೇಳಿ ನೋಡಿ.

ಮನೆಯಲ್ಲಿ ಪೈಪು, ಸ್ಪ್ಯಾನರ್ ಇದ್ದರೆ ಅವೂ ಪಟ್ಟಿಯಷ್ಟೇ ಒಳ್ಳೆಯವು. ಇಂಚಿನ ಸ್ಪ್ಯಾನರ್ ಸೆಟ್ಟಿನಲ್ಲಿ 3/8, 7/16, 1/2, 9/16 ಎಂದು ಬರೆದಿರುತ್ತದೆ. ಬರೆದದ್ದನ್ನು ಓದಿ ಸಾಲಾಗಿ ಜೋಡಿಸಲಿ, ಆಮೇಲೆ ಬಾಯಿಯ ಅಗಲ ನೋಡಿ ತಾನೇ ಪರೀಕ್ಷಿಸಲಿ. 7/16 ಬಂದು 3/8ಕ್ಕೂ 1/2ಕ್ಕೂ ನಡುವೆ ಕೂರುವುದನ್ನು ಕಂಡಾಗ, ದೊಡ್ಡ ಅಂಕಿಯ ನಿಯಮ ತಾನಾಗಿಯೇ ಅಲುಗಾಡುತ್ತದೆ.

ಒಂದು ಎಚ್ಚರಿಕೆ. ಪಟ್ಟಿಯಿಂದ ಸಂಖ್ಯಾರೇಖೆಗೆ ಹೋದಾಗ ಹೊಸ ದೋಷವೊಂದು ಕಾಣಿಸಬಹುದು. 0ಯಿಂದ 1ರವರೆಗಿನ ಗೆರೆಯನ್ನು ನಾಲ್ಕು ಭಾಗ ಮಾಡಿದರೆ ಗೀಟುಗಳು ಐದು ಇರುತ್ತವೆ. ಮಗು ಭಾಗ ಎಣಿಸುವ ಬದಲು ಗೀಟು ಎಣಿಸಿ, ಮೊದಲನೆಯದನ್ನು 1/5 ಎನ್ನುತ್ತದೆ. ಬೆರಳಿನಿಂದ ಒಂದು ಗೀಟಿನಿಂದ ಇನ್ನೊಂದಕ್ಕೆ ಜಿಗಿಸಿ, ಜಿಗಿತ ಎಣಿಸಲು ಹೇಳಿ.

ಅಡ್ಡ ಗುಣಾಕಾರ ಎಲ್ಲಿ ಕೈಕೊಡುತ್ತದೆ

ಅಡ್ಡ ಗುಣಾಕಾರ ತಪ್ಪಲ್ಲ. 5/6, 7/8 ಇದ್ದರೆ 5×8 = 40, 7×6 = 42. ಎರಡನೆಯದು ದೊಡ್ಡದು. ನಿಜವಾಗಿ ನಡೆದದ್ದು 40/48 ಮತ್ತು 42/48ರ ಹೋಲಿಕೆ, 48 ಬರೆಯದೆ ಬಿಟ್ಟೆವು. ಅದು ಗೊತ್ತಿರುವ ಮಗು ಧಾರಾಳವಾಗಿ ಬಳಸಲಿ.

ಗೊತ್ತಿಲ್ಲದ ಮಗುವಿನಲ್ಲಿ ಹೀಗಾಗುತ್ತದೆ: 40, 42 ಎರಡೂ ಸರಿಯಾಗಿ ಬರುತ್ತವೆ, ಆದರೆ ಯಾವುದು ಯಾರದ್ದು ಎಂದು ಮರೆತು 42ನ್ನು 5/6ರ ಮೇಲೆ ಬರೆಯುತ್ತದೆ. ಗುಣಾಕಾರ ಸರಿ, ಉತ್ತರ ತಪ್ಪು. ಇದನ್ನು ಪತ್ತೆ ಮಾಡಲು 1/10 ಮತ್ತು 9/10ರಂಥ ಕಣ್ಣಿಗೆ ರಾಚುವ ಜೋಡಿ ಕೊಡಿ. ಅದಕ್ಕೂ ಅಡ್ಡ ಗುಣಾಕಾರ ಮಾಡಲು ಹೊರಟರೆ, ಮಗು ಭಿನ್ನರಾಶಿಯನ್ನು ನೋಡುತ್ತಿಲ್ಲ, ವಿಧಾನವನ್ನು ಮಾತ್ರ ನೋಡುತ್ತಿದೆ ಎಂದು ತಿಳಿಯಿರಿ. ಆಗ ಸ್ವಲ್ಪ ದಿನ ಗುಣಾಕಾರ ನಿಲ್ಲಿಸಿ, ಅರ್ಧದ ಜೊತೆ ಹೋಲಿಸುವುದನ್ನು ಕಲಿಸಿ. 3/7 ಅರ್ಧಕ್ಕಿಂತ ಕಡಿಮೆ, ಯಾಕೆಂದರೆ ಏಳರ ಅರ್ಧ ಮೂರೂವರೆ. 5/9 ಅರ್ಧಕ್ಕಿಂತ ಜಾಸ್ತಿ, ಯಾಕೆಂದರೆ ಒಂಬತ್ತರ ಅರ್ಧ ನಾಲ್ಕೂವರೆ. ಲೆಕ್ಕ ಮುಗಿಯಿತು. ಅರ್ಧ ಮತ್ತು ಒಂದು, ಈ ಎರಡು ಗುರುತು ಇಟ್ಟುಕೊಂಡರೆ ಶಾಲೆಯ ಲೆಕ್ಕಗಳಲ್ಲಿ ಬಹಳಷ್ಟು ಜೋಡಿಗಳು ಗುಣಾಕಾರವಿಲ್ಲದೆ ಬಗೆಹರಿಯುತ್ತವೆ.

ದಶಮಾಂಶ: ಒಂದಕ್ಕೊಂದು ವಿರುದ್ಧವಾದ ಎರಡು ದೋಷ

(0.8, 0.45) ಮತ್ತು (0.3, 0.52). ಈ ಎರಡನ್ನೂ ಕೊಡಬೇಕು, ಒಂದೇ ಸಾಲದು.

0.45 ದೊಡ್ಡದು ಎನ್ನುವ ಮಗು ಎಂಟು ಮತ್ತು ನಲವತ್ತೈದನ್ನು ಹೋಲಿಸುತ್ತಿದೆ. ಬಿಂದುವಿನ ಮುಂದೆ ಉದ್ದ ಇದ್ದದ್ದು ದೊಡ್ಡದು ಎಂಬ ಈ ಮಗು ಎರಡನೆಯ ಜೋಡಿಯಲ್ಲಿ ಸರಿ ಉತ್ತರ ಕೊಡುತ್ತದೆ. ಇನ್ನೊಂದು ಬಗೆಯ ಮಗು 0.8 ಎಂದು ಸರಿಯಾಗಿ ಹೇಳಿ, ಎರಡನೆಯದರಲ್ಲಿ 0.3 ದೊಡ್ಡದು ಎನ್ನುತ್ತದೆ. ಅದರ ಯೋಚನೆ ಹೀಗಿದೆ: ಹತ್ತನೇ ಭಾಗ ನೂರನೇ ಭಾಗಕ್ಕಿಂತ ದೊಡ್ಡದು, ಹಾಗಾಗಿ ಗಿಡ್ಡ ದಶಮಾಂಶವೇ ದೊಡ್ಡದು. ಭಿನ್ನರಾಶಿಯ ಎರಡನೆಯ ದೋಷವೇ ವೇಷ ಬದಲಿಸಿ ಇಲ್ಲಿಗೆ ಬಂದಿದೆ. ಮೆಲ್ಬರ್ನ್ ವಿಶ್ವವಿದ್ಯಾಲಯದ ಕೇ ಸ್ಟೇಸಿ ಮತ್ತು ವಿಕಿ ಸ್ಟೈನ್ಲಿ ಇದೇ ಉದ್ದ-ಗಿಡ್ಡ ದೋಷಗಳನ್ನು ಬಹಳ ವರ್ಷ ಅಧ್ಯಯನ ಮಾಡಿದ್ದಾರೆ. ಇಂಥ ಜೋಡಿಗಳಿಂದ ಮಗುವಿನ ಯೋಚನೆ ಕಂಡುಹಿಡಿಯುವ ಪರೀಕ್ಷೆಯನ್ನೂ ರೂಪಿಸಿದ್ದಾರೆ.

ಉದ್ದದ ದೋಷಕ್ಕೆ ನಮ್ಮ ಓದುವ ರೀತಿಯೂ ಒಂದು ಕಾರಣ. 0.45ನ್ನು ‘ಪಾಯಿಂಟ್ ನಲವತ್ತೈದು’ ಎನ್ನುತ್ತೇವೆ. ‘ಪಾಯಿಂಟ್ ನಾಲ್ಕು ಐದು’ ಎಂದು ಓದಿಸಿ. ‘ಕೊನೆಗೆ ಒಂದು ಸೊನ್ನೆ ಸೇರಿಸಿಕೋ, 0.80 ಆಗುತ್ತೆ’ ಎಂಬ ಉಪಾಯದಿಂದ ಉತ್ತರ ಸರಿಯಾಗುತ್ತದೆ, ಆದರೆ ಮಗು ಆಗಲೂ 80 ಮತ್ತು 45 ಎಂದೇ ನೋಡುತ್ತಿರಬಹುದು. 0.6 ಮತ್ತು 0.60 ಕೊಟ್ಟು ನೋಡಿ. ಸಮ ಎಂದು ಹೇಳದಿದ್ದರೆ ಉಪಾಯ ಮಾತ್ರ ಕಲಿತಿದೆ.

ಹಣದ ಉದಾಹರಣೆ ಇಲ್ಲಿ ಬೇಡ. ರೂಪಾಯಿಯ ಮುಂದೆ ಪೈಸೆ ಯಾವಾಗಲೂ ಎರಡು ಅಂಕಿ. ಹಾಗಾಗಿ 5.5 ರೂಪಾಯಿಯನ್ನು ಐದು ರೂಪಾಯಿ ಐದು ಪೈಸೆ ಎಂದು ಓದುತ್ತಾರೆ. 0.35 ಮತ್ತು 0.357 ಎರಡೂ ಮೂವತ್ತೈದು ಪೈಸೆ, ಸಮ ಎನ್ನುತ್ತಾರೆ. ಮೀಟರ್ ಟೇಪು ತೆಗೆದುಕೊಳ್ಳಿ. 0.8 ಮೀಟರ್ ಎಲ್ಲಿ, 0.45 ಮೀಟರ್ ಎಲ್ಲಿ, 0.357 ಮೀಟರ್ ಎಲ್ಲಿ ಎಂದು ಬೆರಳಿಟ್ಟು ತೋರಿಸಲಿ.

ಕ್ರಿಕೆಟ್ ನೋಡುವ ಮಕ್ಕಳಲ್ಲಿ ಇನ್ನೊಂದು ತಡೆ ಇರುತ್ತದೆ. 18.4 ಓವರ್ ಎಂದರೆ 18 ಓವರ್, 4 ಎಸೆತ. ಅಂದರೆ 18 ಮತ್ತು 4/6, ಸುಮಾರು 18.67. ಅದು ದಶಮಾಂಶವೇ ಅಲ್ಲ. 18.5 ಆದ ಮೇಲೆ ಒಂದು ಎಸೆತಕ್ಕೆ 19 ಆಗುವುದನ್ನು ದಿನವೂ ನೋಡುವ ಮಗುವಿಗೆ 18.5 ಮತ್ತು 19ರ ನಡುವೆ 18.6, 18.7 ಇವೆ ಎಂದರೆ ಗೊಂದಲವಾಗುವುದು ಸಹಜ. ಎರಡೂ ಬೇರೆ ಎಂದು ಒಂದು ಸಲ ಬಿಡಿಸಿ ಹೇಳಿದರೆ ಸಾಕು.

ಅದೇ ಕ್ರಿಕೆಟ್‌ನ ಅಂಕಪಟ್ಟಿ ಮಾತ್ರ ಅಭ್ಯಾಸಕ್ಕೆ ಬಹಳ ಒಳ್ಳೆಯದು. 2024ರ ಐಪಿಎಲ್ ಲೀಗ್ ಮುಗಿದಾಗ ನಾಲ್ಕು ತಂಡಗಳಿಗೆ ತಲಾ 14 ಅಂಕ ಇತ್ತು. ನೆಟ್ ರನ್ ರೇಟ್: ಬೆಂಗಳೂರು 0.459, ಚೆನ್ನೈ 0.392, ಡೆಲ್ಲಿ -0.377, ಲಕ್ನೋ -0.667. ತಂಡದ ಹೆಸರು, ರನ್ ರೇಟ್ ಎರಡನ್ನೂ ಚೀಟಿಗಳಲ್ಲಿ ಬರೆದು, ಕಲಸಿ, ಮೇಲಿಂದ ಕೆಳಗೆ ಜೋಡಿಸಲು ಹೇಳಿ. ಲಕ್ನೋವನ್ನು ಡೆಲ್ಲಿಗಿಂತ ಮೇಲಿಟ್ಟರೆ ಋಣದ ದೋಷ ತಿರುಗಿ ಬಂದಿದೆ. ಅದೇ ವರ್ಷ ಮುಂಬೈ -0.318 ಇದ್ದರೂ 8 ಅಂಕದಿಂದ ಕೊನೆಯ ಸ್ಥಾನದಲ್ಲಿತ್ತು. ‘ಲಕ್ನೋಗಿಂತ ರನ್ ರೇಟ್ ಚೆನ್ನಾಗಿದ್ದರೂ ಮುಂಬೈ ಯಾಕೆ ಕೆಳಗೆ?’ ಎಂದು ಕೇಳಿ. ಮೊದಲು ಅಂಕ ನೋಡಬೇಕು, ಅದು ಸಮವಾದರೆ ಮಾತ್ರ ರನ್ ರೇಟ್. ದಶಮಾಂಶದಲ್ಲೂ ಮೊದಲು ಹತ್ತನೇ ಸ್ಥಾನ, ಅದು ಸಮವಾದರೆ ಮಾತ್ರ ನೂರನೇ ಸ್ಥಾನ.

ಎರಡು ದೋಷ ಸೇರಿ ಸರಿ ಉತ್ತರ ಬಂದಾಗ

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಇದು. -1/2 ಮತ್ತು -1/3ರಲ್ಲಿ ಯಾವುದು ದೊಡ್ಡದು? ಮಗು -1/3 ಎನ್ನುತ್ತದೆ. ಸರಿ ಉತ್ತರ. ಆದರೆ ‘ಹೇಗೆ ಗೊತ್ತಾಯ್ತು?’ ಎಂದರೆ, ‘ಎರಡಕ್ಕಿಂತ ಮೂರು ದೊಡ್ಡದಲ್ವಾ ಮಿಸ್’ ಎನ್ನುತ್ತದೆ. ಕೆಳಗಿನ ಅಂಕಿ ದೊಡ್ಡದಿದ್ದರೆ ದೊಡ್ಡದು ಎಂಬುದು ಒಂದು ತಪ್ಪು. ಋಣ ಚಿಹ್ನೆಯನ್ನು ನೋಡದೇ ಇದ್ದದ್ದು ಇನ್ನೊಂದು ತಪ್ಪು. ಎರಡೂ ಒಂದನ್ನೊಂದು ಹೊಡೆದುಹಾಕಿ ಸರಿ ಉತ್ತರ ಬಂತು. ಅಂಕ ಕೊಟ್ಟು ಮುಂದೆ ಹೋದರೆ ಎರಡೂ ದೋಷ ಒಳಗೇ ಉಳಿಯುತ್ತವೆ.

ಹಾಗಾಗಿ ಋಣ ಭಿನ್ನರಾಶಿಯನ್ನು ಒಮ್ಮೆಲೇ ಕೊಡಬೇಡಿ. ಮೊದಲು 1/2 ಮತ್ತು 1/3 ಕೇಳಿ. ಆಮೇಲೆ -2 ಮತ್ತು -3 ಕೇಳಿ. ಇವೆರಡೂ ಸರಿ ಬಂದ ಮೇಲೆ -1/2 ಮತ್ತು -1/3. ಮೊದಲೆರಡು ಸರಿಯಿದ್ದು ಮೂರನೆಯದು ತಪ್ಪಿದರೆ ತೊಂದರೆ ಎರಡನ್ನೂ ಒಟ್ಟಿಗೆ ನೆನಪಿಡುವುದರಲ್ಲಿ ಮಾತ್ರ ಇದೆ, ಅದು ಬೇಗ ಸರಿಯಾಗುತ್ತದೆ.

ಮಿಶ್ರ ಭಿನ್ನರಾಶಿಗೆ ಒಂದೇ ಪರೀಕ್ಷೆ ಸಾಕು. ಸಂಖ್ಯಾರೇಖೆಯ ಮೇಲೆ ‘ಋಣ ಎರಡೂಕಾಲು’ ಗುರುತಿಸಲು ಹೇಳಿ. ಬಹಳ ಮಕ್ಕಳು -2ರವರೆಗೆ ಸರಿಯಾಗಿ ಹೋಗಿ, ಕಾಲು ಭಾಗವನ್ನು ಬಲಕ್ಕೆ ಇಡುತ್ತಾರೆ. ಅದು ಋಣ ಒಂದೂ ಮುಕ್ಕಾಲು ಆಗುತ್ತದೆ. ಋಣ ಚಿಹ್ನೆ ಎರಡಕ್ಕೆ ಮಾತ್ರ ಎಂದು ತಿಳಿದಿದ್ದಾರೆ. ಲಿಫ್ಟಿನ ಗೆರೆಗೆ ಹಿಂತಿರುಗಿ: ನೆಲದಿಂದ ಎರಡೂಕಾಲು ಮಹಡಿ ಕೆಳಗೆ ಎಂದರೆ -2 ದಾಟಿ ಇನ್ನೂ ಕೆಳಗೆ, -2ಕ್ಕೂ -3ಕ್ಕೂ ನಡುವೆ.

ಮತ್ತೆ ಪರೀಕ್ಷೆ

ಸರಿಯಾಯಿತು ಎಂದು ಅನಿಸಿದ ದಿನವೇ ಪರೀಕ್ಷಿಸಿದರೆ ಏನೂ ಗೊತ್ತಾಗುವುದಿಲ್ಲ, ಪಟ್ಟಿ ಇನ್ನೂ ಕಣ್ಣ ಮುಂದೆಯೇ ಇರುತ್ತದೆ. ಎರಡು ಮೂರು ವಾರ ಬಿಟ್ಟು, ನಡುವೆ ಬೇರೆ ಪಾಠ ಆದ ಮೇಲೆ, ಹೊಸ ಜೋಡಿ ಕೊಡಿ: (1/9, 1/3), (4/5, 6/11), (7/8, 9/10), (3/4, 8/10), (-0.5, -0.62). ಸರಿ ಉತ್ತರ ಕ್ರಮವಾಗಿ 1/3, 4/5, 9/10, 8/10, -0.5. ಮೊದಲ ನಾಲ್ಕು ಜೋಡಿಗಳು ಹಿಂದಿನ ನಾಲ್ಕರ ಹಾಗೇ ಮೂರು ದೋಷಗಳನ್ನೂ ಬೇರೆ ಬೇರೆ ತೋರಿಸುತ್ತವೆ. ಹಳೆಯ ನಿಯಮ ತಲೆ ಎತ್ತಿದರೆ ಬೇಸರ ಬೇಡ, ಮಗುವನ್ನು ಗದರಿಸುವುದೂ ಬೇಡ. ಯಾವ ಜೋಡಿಯಲ್ಲಿ ಬಂತು ಎಂದು ಬರೆದಿಟ್ಟುಕೊಂಡು, ಆ ದೋಷಕ್ಕೆ ಹೇಳಿದ ಪಟ್ಟಿ ಅಥವಾ ಗೆರೆಯನ್ನು ಮಾತ್ರ ಮತ್ತೆ ತೆಗೆಯಿರಿ. ಇಡೀ ಅಧ್ಯಾಯವನ್ನು ಮೊದಲಿಂದ ಶುರು ಮಾಡಬೇಕಾಗಿಲ್ಲ.